ಲೈಬ್ರರಿ ಸಿಕ್ಕರೆ ಸೇರಿಸು, ಸಿಗದಿದ್ದರೆ ಸುಮ್ಮನಿರು?

ಪ್ರಶ್ನೆ: ಚಿತ್ರಗಳ ಮೇಲೆ ಕನ್ನಡ ಬರಹ ಮೂಡಿಸುವ ಮುಕ್ತ ತಂತ್ರಾಂಶವೊಂದನ್ನು ನಾವು ಗೆಳೆಯರು ಬರೆಯುತ್ತಿದ್ದೇವೆ. ಅಕ್ಷರ, ಒತ್ತುಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿಯ ಬಳಕೆ ಐಚ್ಛಿಕ. ಬಿಲ್ಡ್‌ನಲ್ಲಿ ಅದರ ಡೀಫಾಲ್ಟ್ ‘ಆಟೊ’ (ಸಿಕ್ಕರೆ ಸೇರಿಸು, ಸಿಗದಿದ್ದರೆ ಬಿಡು) ಇದ್ದರೆ ಎಲ್ಲರಿಗೂ ಅನುಕೂಲವಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುವುದರಿಂದ ಈ ಸಲ ಬಿಡಿಸಿ ಹೇಳುತ್ತೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾರ್ಫ್‌ಬಜ್‌ನ ಬಿಲ್ಡ್‌ಗೆ ಬೇಕಾದ ಹೆಡರ್ ಫೈಲುಗಳಿವೆ. ಸರ್ವರಿನ ಬರಿದಾದ ಕಂಟೇನರಿನಲ್ಲಿ ಇಲ್ಲ. ಎರಡೂ ಕಡೆ ಬಿಲ್ಡ್ ದೋಷವಿಲ್ಲದೆ ಮುಗಿಯುತ್ತದೆ, ಆವೃತ್ತಿ ಸಂಖ್ಯೆಯೂ ಒಂದೇ. ಆದರೆ ನಿಮ್ಮಲ್ಲಿ ‘ಕನ್ನಡ’ ಎಂದು ಮೂಡಿದ್ದು ಅಲ್ಲಿ ಒತ್ತು ಕೆಳಗಿಳಿಯದೆ ‘ಕನ್‌ನಡ’ ಎಂದಾಗುತ್ತದೆ. ಬಳಕೆದಾರ ದೂರು ಕೊಡುತ್ತಾನೆ, ‘ನಮ್ಮಲ್ಲಿ ಸರಿಯಾಗಿದೆ’ ಎಂದು ನೀವು ಮುಚ್ಚಿಬಿಡುತ್ತೀರಿ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರನ್ನು ನೋಡಿ. ಟೈಪಿಸಿದ ಸಾಲನ್ನು ತಿದ್ದಲು ನೆರವಾಗುವ ರೀಡ್‌ಲೈನ್ ಲೈಬ್ರರಿ ಸಿಗದಿದ್ದರೆ, ಬಿಲ್ಡ್‌ಗೆ ಮೊದಲು ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ‘ಕಾನ್ಫಿಗರ್’ ಅಲ್ಲಿಯೇ ನಿಲ್ಲುತ್ತದೆ. ಬೇಡವಾದರೆ ‘--ವಿದೌಟ್-ರೀಡ್‌ಲೈನ್’ ಎಂದು ನೀವೇ ಹೇಳಬೇಕು. 2023ರಲ್ಲಿ ಬಂದ 16ನೇ ಆವೃತ್ತಿಯಿಂದ ಯೂನಿಕೋಡ್ ಬರಹ ನಿಭಾಯಿಸುವ ಐಸಿಯು ಲೈಬ್ರರಿಗೂ ಅದೇ ಕಟ್ಟಳೆ. 2021ರ 7.77.0 ಆವೃತ್ತಿಯಿಂದ ಜಾಲದಿಂದ ಕಡತ ತರುವ ಕರ್ಲ್ ಕೂಡ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಟಿಎಲ್‌ಎಸ್ ಲೈಬ್ರರಿ ಯಾವುದೆಂದು ಬಾಯಿಬಿಟ್ಟು ಹೇಳದ ಹೊರತು ಮುಂದೆ ಹೋಗುವುದಿಲ್ಲ. ಆರಂಭದಲ್ಲಿ ಕಿರಿಕಿರಿ ಎನ್ನಿಸಬಹುದು, ಎನ್ನಿಸಲಿ.

ನಿಮ್ಮ ತಂತ್ರಾಂಶದ ಕೆಲಸವೇ ಕನ್ನಡ ಬರೆಯುವುದು. ಹಾಗಾಗಿ ಹಾರ್ಫ್‌ಬಜ್ ಡೀಫಾಲ್ಟ್ ಆಗಿ ಆನ್ ಇರಲಿ, ಸಿಗದಿದ್ದರೆ ಬಿಲ್ಡ್ ನಿಲ್ಲಲಿ, ಬೇಡವೆನ್ನುವವರಿಗೆ ಬೇರೆ ಆಯ್ಕೆ ಕೊಡಿ. ಬಿಲ್ಡ್ ಸಾಧನವಾದ ಮೆಸಾನ್‌ನಲ್ಲಿ ಎಲ್ಲ ‘ಆಟೊ’ಗಳನ್ನೂ ಒಂದೇ ಸೂಚನೆಯಿಂದ ಬದಲಿಸಬಹುದು ಎಂದು ವಾದಿಸಬೇಡಿ, ಆ ಸೂಚನೆ ಪ್ಯಾಕೇಜ್ ಮಾಡುವವರಿಗೆ ಗೊತ್ತು, ಮೊದಲ ಸಲ ಬಿಲ್ಡ್ ಮಾಡುವ ವಿದ್ಯಾರ್ಥಿಗಲ್ಲ. ಏನೇನು ಸೇರಿದೆ ಎಂಬ ಪಟ್ಟಿಯನ್ನು ಬಿಲ್ಡ್‌ನ ಕೊನೆಯಲ್ಲೂ ‘--ವರ್ಷನ್’ ಉತ್ತರದಲ್ಲೂ ಮುದ್ರಿಸಿ.

ಅಪರೂಪಕ್ಕೆ ಬೇಕಾಗುವುದು ಮಾತ್ರ ಆಫ್ ಇರಲಿ. ಸುರಕ್ಷಿತ ಸಂಪರ್ಕದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ, ಸಂಪರ್ಕ ಇನ್ನೂ ಜೀವಂತವಿದೆಯೇ ಎಂದು ನೋಡುವ ಹಾರ್ಟ್‌ಬೀಟ್ ಸೌಲಭ್ಯ ತಾನಾಗಿಯೇ ಆನ್ ಇತ್ತು. 2014ರಲ್ಲಿ ಅದರೊಳಗಿನ ಭದ್ರತಾ ಲೋಪ ‘ಹಾರ್ಟ್‌ಬ್ಲೀಡ್’ ಬಯಲಾದಾಗ, ಆ ಸೌಲಭ್ಯವನ್ನು ಕೈಬಿಟ್ಟು ಬಿಲ್ಡ್ ಮಾಡಿಕೊಂಡಿದ್ದವರಿಗೆ ಏನೂ ಆಗಲಿಲ್ಲ. ಉಳಿದವರು ತಾವು ಕೇಳದೇ ಇದ್ದ ಸೌಲಭ್ಯಕ್ಕೆ ದಂಡ ತೆತ್ತರು. ಈ ವಿಷಯದಲ್ಲಿ ನಾನು ಅಂಜುಬುರುಕ, ಹಾಗೆಯೇ ಇರುತ್ತೇನೆ.

ಪ್ರಶ್ನೆ: ಎಲ್ಲ ಆಯ್ಕೆಗಳನ್ನೂ ಆನ್ ಮಾಡಿದರೆ ತಂತ್ರಾಂಶ ವೇಗವಾಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಕಂಪೈಲರಿಗೆ ‘ಫಾಸ್ಟ್-ಮ್ಯಾತ್’ ಆಯ್ಕೆ ಹಾಕಿ ಎಂದು ವಿಡಿಯೊವೊಂದರಲ್ಲಿ ಹೇಳಿದ್ದಾರೆ. ಡೀಫಾಲ್ಟ್ ಮಾಡಲೇ?

ಉತ್ತರ: ಅಪೂರ್ಣಾಂಕಗಳ ಲೆಕ್ಕದ ನಿಯಮಗಳನ್ನೇ ಸಡಿಲಿಸಿ ಬರುವ ವೇಗ ಅದು. ಇಂಥ ಅಳಲೆಕಾಯಿ ಪಂಡಿತರ ಸಾಲುಗಳನ್ನು ನಕಲು ಮಾಡಿ ಬಳಕೆದಾರರ ತಲೆಗೆ ಕಟ್ಟಬೇಡಿ.

ಪ್ರಶ್ನೆ: ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ಗೆ ‘--ಎನೇಬಲ್-ನಾನ್‌ಫ್ರೀ’ (ಮುಕ್ತ ಪರವಾನಗಿಗೆ ಹೊಂದದ ಭಾಗಗಳನ್ನೂ ಸೇರಿಸು) ಕೊಟ್ಟು ಬಿಲ್ಡ್ ಮಾಡಿದ್ದೇನೆ. ಬೈನರಿಯನ್ನು ಸ್ನೇಹಿತರಿಗೆ ಹಂಚಬಹುದೇ?

ಉತ್ತರ: ಹಂಚುವಂತಿಲ್ಲ. ಕಾನ್ಫಿಗರ್ ಅದನ್ನು ಪರದೆಯ ಮೇಲೆಯೇ ಹೇಳುತ್ತದೆ, ಓದಿ.