ಕ್ರಿಲ್ ಏನು ತಿನ್ನುತ್ತದೆ, ಕ್ರಿಲ್ಲನ್ನು ಯಾರು ತಿನ್ನುತ್ತಾರೆ?

ಹಿಂದಿನ ಸಂಚಿಕೆಯಲ್ಲಿ ನೀಲಿ ತಿಮಿಂಗಲದ ಬಗ್ಗೆ ಬರೆಯುತ್ತ, ಅದರ ಆಹಾರ ಕ್ರಿಲ್ ಎಂಬ ಪುಟ್ಟ ಜೀವಿ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಆ ಒಂದು ಸಾಲು ಸಾಲದು ಎಂದು ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಪತ್ರಗಳು ಬಂದಿವೆ. ನಿಜಕ್ಕೂ ಸಾಲದು. ಹಾಗಾಗಿ ಈ ಸಲದ ಪುಟ ಪೂರ್ತಿ, ಕಡಲಿನಲ್ಲಿ ಬದುಕುವ ಸಿಗಡಿಯಂಥ ಈ ಕ್ರಿಲ್‌ಗೇ ಮೀಸಲು.

ಪ್ರಶ್ನೆ: ಕ್ರಿಲ್ ಪಾಚಿ ತಿನ್ನುತ್ತದೆ ಎಂದು ಒಂದು ಪುಸ್ತಕದಲ್ಲಿದೆ, ಮಾಂಸಾಹಾರಿ ಎಂದು ಇನ್ನೊಂದರಲ್ಲಿದೆ. ಯಾವುದು ಸರಿ? ಅಷ್ಟು ಸಣ್ಣ ಪಾಚಿಯನ್ನು ಅದು ಹಿಡಿಯುವುದಾದರೂ ಹೇಗೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಸರಿ. ಯಾವ ಜಾತಿ, ವರ್ಷದ ಯಾವ ಕಾಲ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಜಗತ್ತಿನ ಕಡಲುಗಳಲ್ಲಿ ಸುಮಾರು 86 ಜಾತಿಯ ಕ್ರಿಲ್‌ಗಳಿವೆ. ಹೆಚ್ಚಾಗಿ ಮಾತಿಗೆ ಬರುವುದು ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರದಲ್ಲಿರುವ ಯೂಫಾಸಿಯ ಸುಪರ್ಬ. ಉದ್ದ ಹೆಚ್ಚೆಂದರೆ 6 ಸೆಂ.ಮೀ., ತೂಕ 2 ಗ್ರಾಂ, ಆಯುಷ್ಯ 5–6 ವರ್ಷ. ಇಲ್ಲಿ ಅದರ ಮಾತನ್ನೇ ಹೇಳುತ್ತೇವೆ.

ಅದರ ಮುಖ್ಯ ಆಹಾರ ಡಯಾಟಮ್. ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಒಂದೇ ಕೋಶದ ಪಾಚಿ ಇದು. ಇದನ್ನು ಹಿಡಿಯಲು ಕ್ರಿಲ್‌ನ ಎದೆಯ ಭಾಗದಲ್ಲಿ ಆರು ಜೊತೆ ಕಾಲುಗಳು ಸೇರಿ ಒಂದು ಬುಟ್ಟಿಯಾಗುತ್ತವೆ. ಪ್ರತಿ ಕಾಲಿನ ಮೇಲೂ ಸಾಲಾಗಿ ಕೂದಲು, ಆ ಕೂದಲಿನ ಮೇಲೆ ಇನ್ನೂ ಸಣ್ಣ ಕೂದಲು. ಅತಿ ಸಣ್ಣ ಕೂದಲುಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಈ ಸಾಣಿಗೆ ಎಷ್ಟು ನಯ ಎಂಬುದು ತಿಳಿಯುತ್ತದೆ. ಕಾಲುಗಳು ಹೊರಕ್ಕೆ ಅಗಲಿದಾಗ ಮುಂದಿನಿಂದ ನೀರು ಬುಟ್ಟಿಗೆ ನುಗ್ಗುತ್ತದೆ. ಒಳಕ್ಕೆ ಮಡಚಿದಾಗ ನೀರು ಪಕ್ಕದ ಕೂದಲ ಸಂದಿಯಿಂದ ಹಿಂಡಿಕೊಂಡು ಹೊರಹೋಗಿ ಪಾಚಿ ಒಳಗೇ ಉಳಿಯುತ್ತದೆ. ಸೆಕೆಂಡಿಗೆ ಹಲವು ಬಾರಿ ಇದು ನಡೆಯುತ್ತದೆ. ಬಾಚಣಿಗೆಯಂಥ ಇನ್ನೊಂದು ಬಗೆಯ ಕೂದಲು ಪಾಚಿಯನ್ನು ಬಾಯಿಗೆ ಬಾಚಿ ತರುತ್ತದೆ. ದವಡೆ ಒಂದು ಸಲ ಅರೆದದ್ದನ್ನು ಜಠರದೊಳಗಿನ ಹಲ್ಲುಗಳು ಮತ್ತೊಮ್ಮೆ ಅರೆಯುತ್ತವೆ. ಗಾಜಿನ ಚಿಪ್ಪು ಒಡೆಯದಿದ್ದರೆ ಒಳಗಿನ ಸತ್ವ ದಕ್ಕುವುದಿಲ್ಲ.

ಬೇಸಿಗೆಯಲ್ಲಿ ಪಾಚಿ ವಿಪರೀತ ಹೆಚ್ಚಿದಾಗ ಕ್ರಿಲ್ ಹಿಡಿದದ್ದನ್ನೆಲ್ಲ ನುಂಗುವುದಿಲ್ಲ. ಹೆಚ್ಚಾದದ್ದನ್ನು ಉಂಡೆ ಕಟ್ಟಿ ಉಗುಳಿಬಿಡುತ್ತದೆ. ಆ ಉಂಡೆಗಳೂ ದಾರದಂಥ ಹಿಕ್ಕೆಯೂ ಆಳಕ್ಕೆ ಮುಳುಗುತ್ತವೆ. ಪಾಚಿ ಗಾಳಿಯಿಂದ ಹೀರಿದ ಇಂಗಾಲ ಹೀಗೆ ಕಡಲ ತಳದತ್ತ ಇಳಿಯುತ್ತದೆ. ಕ್ರಿಲ್ ಎಂದರೆ ತಿಮಿಂಗಲದ ತುತ್ತು ಎಂದಷ್ಟೇ ತಿಳಿದವರಿಗೆ ಈ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ.

ಚಳಿಗಾಲದಲ್ಲಿ ಸೂರ್ಯ ಮರೆಯಾಗಿ, ಕಡಲ ಮೇಲೆ ಹಿಮ ಹೆಪ್ಪುಗಟ್ಟಿ, ನೀರಿನಲ್ಲಿ ಪಾಚಿ ಇಲ್ಲವಾಗುತ್ತದೆ. ಆಗ ಹಿಮದ ಅಡಿಮೈಗೆ ಅಂಟಿದ ಪಾಚಿಯೇ ಗತಿ. ಕ್ರಿಲ್ ಹಿಮದ ಕೆಳಗೆ ಮೈ ತಿರುವಿ ನಿಂತು, ಕಾಲತುದಿಯ ಕುಂಟೆಯಂಥ ಕೂದಲಿನಿಂದ ಅದನ್ನು ಕೆರೆಯುತ್ತದೆ. ಒಂದು ಚದರ ಅಡಿ ಜಾಗವನ್ನು ಒಂದೇ ಕ್ರಿಲ್ ಸುಮಾರು 10 ನಿಮಿಷದಲ್ಲಿ ಕೆರೆದು ಸ್ವಚ್ಛ ಮಾಡಬಲ್ಲದು. ಜೊತೆಗೆ ಕೋಪೆಪಾಡ್ ಎಂಬ, ಅಕ್ಕಿನುಚ್ಚಿಗಿಂತ ಸಣ್ಣ ಪ್ರಾಣಿಗಳನ್ನೂ ಹಿಡಿದು ತಿನ್ನುತ್ತದೆ. ಮಾಂಸಾಹಾರಿ ಎನ್ನುವುದು ಇದಕ್ಕೇ. ಏನೂ ಸಿಗದಿದ್ದರೆ ದೊಡ್ಡ ಕ್ರಿಲ್ ಉಪವಾಸವಿರುತ್ತದೆ. ಪ್ರಯೋಗಶಾಲೆಯಲ್ಲಿ 200 ದಿನಕ್ಕೂ ಹೆಚ್ಚು ಕಾಲ ಹಾಗೆ ಬದುಕಿದ್ದುಂಟು. ಆಗ ಪ್ರತಿ ಸಲ ಪೊರೆ ಬಿಟ್ಟಾಗಲೂ ಅದರ ಮೈ ಮೊದಲಿಗಿಂತ ಚಿಕ್ಕದಾಗುತ್ತದೆ. ಆದ್ದರಿಂದ ಉದ್ದ ನೋಡಿ ಕ್ರಿಲ್‌ನ ವಯಸ್ಸು ಹೇಳಲು ಹೊರಟರೆ ತಪ್ಪುತ್ತೀರಿ. ಮರಿಗಳಿಗೆ ಮಾತ್ರ ಈ ತಾಳಿಕೆ ಇಲ್ಲ. ಮೊದಲ ಚಳಿಗಾಲದಲ್ಲಿ ಹಿಮದ ಪಾಚಿ ಸಿಗದಿದ್ದರೆ ಅವು ಸಾಯುತ್ತವೆ. ಹಿಮ ಕಡಿಮೆಯಾದರೆ ಕ್ರಿಲ್‌ಗೆ ಕೇಡು ಎನ್ನುವುದು ಈ ಕಾರಣಕ್ಕೆ.

ಪ್ರಶ್ನೆ: ಸರ್, ತಿಮಿಂಗಲ ಅಷ್ಟ್ ದೊಡ್ಡದೈತಿ. ಅದು ಬಟ್ಟಿನಷ್ಟ್ ಉದ್ದದ ಹುಳ ತಿಂದು ಹೆಂಗ ಬದಕತೈತಿ? ದೊಡ್ಡ ಮೀನ ಯಾಕ ತಿನ್ನಂಗಿಲ್ಲ?
— ಎಂಟನೇ ತರಗತಿ ವಿದ್ಯಾರ್ಥಿ, ಗದಗ

ಉತ್ತರ: ತಮ್ಮಾ, ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀ. ಕ್ರಿಲ್ ಒಂದೊಂದಾಗಿ ಇರುವುದಿಲ್ಲ. ನಿಮ್ಮ ಮನೆಯ ಮಾಳಿಗೆ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ನೆನಪು ಮಾಡಿಕೋ. ದಟ್ಟ ಹಿಂಡಿನಲ್ಲಿ ಅಷ್ಟು ನೀರಿಗೆ 10,000ದಿಂದ 30,000 ಕ್ರಿಲ್ ಇರುತ್ತವೆ. ತಿಮಿಂಗಲ ಬಾಯಿ ತೆರೆದು ಆ ಹಿಂಡಿನೊಳಗೆ ನುಗ್ಗಿ, ನೀರು ತುಂಬಿಕೊಂಡು, ಮೇಲ್ದವಡೆಯಿಂದ ಜೋತಾಡುವ ಜಾಲರಿಯ ಮೂಲಕ ನೀರು ಹೊರಹಾಕಿ ಕ್ರಿಲ್ ಮಾತ್ರ ನುಂಗುತ್ತದೆ. ದಿನಕ್ಕೆ 4 ಟನ್ ಎಂದು ಹಳೆಯ ಪುಸ್ತಕಗಳಲ್ಲಿದೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉತ್ತರ ಪೆಸಿಫಿಕ್‌ನ ನೀಲಿ ತಿಮಿಂಗಲ ಮೇಯುವ ಕಾಲದಲ್ಲಿ ದಿನಕ್ಕೆ ಸುಮಾರು 16 ಟನ್ ತಿನ್ನುತ್ತದೆ.

ಇನ್ನು ದೊಡ್ಡ ಮೀನಿನ ಮಾತು. ತಿಂದದ್ದರಲ್ಲಿ ಮೈಗೆ ಹತ್ತುವುದು ಸುಮಾರು ಹತ್ತನೇ ಒಂದು ಪಾಲು. ಉಳಿದದ್ದು ಓಡಾಟಕ್ಕೆ, ಉಸಿರಾಟಕ್ಕೆ, ಹಿಕ್ಕೆಗೆ ಹೋಗುತ್ತದೆ. 1000 ಕಿಲೋ ಪಾಚಿಯಿಂದ 100 ಕಿಲೋ ಕ್ರಿಲ್, ಅದರಿಂದ 10 ಕಿಲೋ ತಿಮಿಂಗಲ. ನಡುವೆ ಒಂದು ಮೀನು ಬಂತೋ, ತಿಮಿಂಗಲಕ್ಕೆ ಉಳಿಯುವುದು 1 ಕಿಲೋ. ಜೋಳವನ್ನು ರೊಟ್ಟಿ ಮಾಡಿ ತಿಂದರೆ ಎಷ್ಟು ಜನರ ಹೊಟ್ಟೆ ತುಂಬುತ್ತದೆ, ಅದೇ ಜೋಳವನ್ನು ಕೋಳಿಗೆ ಹಾಕಿ ಕೋಳಿ ತಿಂದರೆ ಎಷ್ಟು ಜನರದು? ಲೆಕ್ಕ ಅದೇ. ಪಾಚಿಗೂ ತನಗೂ ನಡುವೆ ಒಂದೇ ಮೆಟ್ಟಿಲು ಇರುವುದರಿಂದ ಅಷ್ಟು ದೊಡ್ಡ ಮೈಗೆ ಆಹಾರ ಸಾಲುತ್ತದೆ.

ತಿಮಿಂಗಲವಷ್ಟೇ ಅಲ್ಲ. ಅಡೆಲಿ ಪೆಂಗ್ವಿನ್, ಹಿಮಮೀನು, ಸ್ಕ್ವಿಡ್, ಕಡಲ ಹಕ್ಕಿಗಳೂ ಕ್ರಿಲ್ ತಿನ್ನುತ್ತವೆ. ಇಂಗ್ಲಿಷ್ ಹೆಸರಿನಲ್ಲಿ ಏಡಿತಿನ್ನುವ ಸೀಲ್ ಎನಿಸಿಕೊಂಡ ಪ್ರಾಣಿ ಏಡಿ ಮುಟ್ಟುವುದೇ ಇಲ್ಲ. ಅದರ ಊಟ ಕ್ರಿಲ್. ಅದರ ಹಲ್ಲಿನ ಅಂಚು ಎಲೆಯಂತೆ ಸೀಳಿದ್ದು, ಮೇಲೆ ಕೆಳಗಿನ ಹಲ್ಲು ಕೂಡಿದಾಗ ಅದೇ ಜರಡಿ.

ಪ್ರಶ್ನೆ: ಸಂತೆಯಲ್ಲಿ ಒಣಮೀನಿನ ಜೊತೆ ಮಾರುವ ಅತಿ ಸಣ್ಣ ಸಿಗಡಿಯೇ ಕ್ರಿಲ್ ಎಂದು ಅಂಗಡಿಯವರು ಹೇಳುತ್ತಾರೆ. ಹೌದೇ?
— ಗೃಹಿಣಿ, ಹಳೇ ಹುಬ್ಬಳ್ಳಿ

ಉತ್ತರ: ಅಲ್ಲ. ಮರಾಠಿ ಮಾತಾಡುವವರು ಜವಳಾ ಎನ್ನುವ ಅದು ಅಸೆಟಿಸ್ ಎಂಬ, ಕರಾವಳಿಯ ಹತ್ತಿರವೇ ಸಿಗುವ ಬೇರೆ ಜೀವಿ. ಗುರುತು ಹಿಡಿಯುವುದು ಕಿವಿರಿನಿಂದ. ಅಸೆಟಿಸ್‌ನ ಕಿವಿರು ಬೆನ್ನಚಿಪ್ಪಿನ ಒಳಗೆ ಮುಚ್ಚಿರುತ್ತದೆ. ಕ್ರಿಲ್‌ನದು ಚಿಪ್ಪಿನ ಕೆಳಗೆ ಗರಿಯ ಹಾಗೆ ಹೊರಗೇ ಕಾಣುತ್ತದೆ. ಒಣಗಿದ್ದರಲ್ಲಿ ತಿಳಿಯದು. ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ನೆನೆಸಿ, ಭೂತಗನ್ನಡಿಯಲ್ಲಿ ನೋಡಿ. ಅರಬ್ಬಿ ಸಮುದ್ರದಲ್ಲೂ ಕ್ರಿಲ್ ಇವೆ, ಆದರೆ ಸಣ್ಣ ಜಾತಿಗಳು, ಆಳದ ನೀರಿನವು. ನಮ್ಮ ದಂಡೆಯಲ್ಲಿ ಪಾಚಿ ತಿಂದು ದೊಡ್ಡ ಮೀನಿಗೆ ಊಟವಾಗುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಕೋಪೆಪಾಡ್ ಮತ್ತು ತಾರ್ಲೆ ಮೀನು.

ಪ್ರಶ್ನೆ: ಜರಡಿ ಹಿಡಿದು ತಿನ್ನುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು. ಕ್ರಿಲ್ ತರುವುದಂತೂ ಆಗದ ಮಾತು. ಬೇರೆ ದಾರಿ ಇದೆಯೇ?
— ವಿಜ್ಞಾನ ಶಿಕ್ಷಕರು, ಹಾವೇರಿ

ಉತ್ತರ: ಇದೆ, ನಿಮ್ಮ ಕೆರೆಯಲ್ಲೇ ಇದೆ. ನೀರುಚಿಗಟ ಅಂದರೆ ಡಾಫ್ನಿಯ ಕೂಡ ಕಾಲಿನ ಕೂದಲಿನಿಂದಲೇ ಪಾಚಿ ಸೋಸಿ ತಿನ್ನುತ್ತದೆ. ಹೆಗ್ಗೇರಿಯಂಥ ಕೆರೆಯಾಗಲಿ, ಊರ ಹೊಂಡವಾಗಲಿ ಆದೀತು. ಚರಂಡಿ ನೀರು ಸೇರುವ ಕೆರೆ ಬೇಡ. ನೀರಿಗೆ ಇಳಿಯುವ ಕೆಲಸ ದೊಡ್ಡವರದು, ಮಕ್ಕಳದಲ್ಲ.

ಒಂದು ಗೇಣಗಲದ ತಂತಿಯ ಬಳೆಗೆ ತೆಳುವಾದ ನೈಲಾನ್ ಓಢಣಿಯನ್ನು ಚೀಲದಂತೆ ಹೊಲಿದು, ತುದಿಗೆ ಸಣ್ಣ ಬಾಟಲಿ ಕಟ್ಟಿ. ಬೆಳಿಗ್ಗೆ ಜೊಂಡಿನ ಪಕ್ಕ ಐದು ನಿಮಿಷ ನಿಧಾನ ಎಳೆದು, ಬಾಟಲಿಯಲ್ಲಿ ಸಿಕ್ಕಿದ್ದನ್ನು ಬಿಳಿ ಬೋಗುಣಿಗೆ ಸುರಿಯಿರಿ. 1ರಿಂದ 3 ಮಿ.ಮೀ. ಉದ್ದವಿದ್ದು, ಕುಪ್ಪಳಿಸುತ್ತ ಮೇಲೆ ಕೆಳಗೆ ಆಡುವ ಚುಕ್ಕೆಗಳು ನೀರುಚಿಗಟ. ಬಾಲದ ಬಳಿ ಎರಡು ಮೊಟ್ಟೆಚೀಲ ಹೊತ್ತು ಸರ್ರನೆ ಓಡುವುದು ಸೈಕ್ಲಾಪ್ಸ್. ಇದು ಕೋಪೆಪಾಡ್ ಗುಂಪಿಗೆ ಸೇರಿದ್ದು, ಕಡಲಿನಲ್ಲಿ ಕ್ರಿಲ್‌ಗೆ ಆಹಾರವಾಗುವ ಜೀವಿಗಳ ಬಳಗ. ನಮ್ಮ ಹಿರಿಯರನ್ನು ಕಾಡಿದ ನಾರುಹುಣ್ಣು ಬರುತ್ತಿದ್ದುದು ಈ ಸೈಕ್ಲಾಪ್ಸ್ ಇದ್ದ ನೀರು ಕುಡಿದೇ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಆಗ ಹೇಳುತ್ತಿದ್ದುದು ಇದನ್ನು ತಡೆಯಲಿಕ್ಕೆ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಮಕ್ಕಳಿಗೆ ಇದನ್ನೂ ಹೇಳಿ.

ಅಗಲ ಬಾಯಿಯ ಗಾಜಿನ ಭರಣಿಗೆ ನಾಲ್ಕು ಪದರದ ಹತ್ತಿ ಬಟ್ಟೆಯಲ್ಲಿ ಸೋಸಿದ ಅದೇ ಕೆರೆಯ ನೀರು ತುಂಬಿ, ಲೀಟರಿಗೆ 20–30 ಚಿಗಟ ಬಿಡಿ. ನಳದ ನೀರನ್ನು ನೇರ ಹಾಕಬೇಡಿ, ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಅದೇ ಬೇಕೆಂದರೆ ಎರಡು ದಿನ ತೆರೆದಿಟ್ಟು ಬಳಸಿ. ಭರಣಿ ನೆರಳಿನಲ್ಲಿರಲಿ. ಆಹಾರಕ್ಕೆ, ಬಿಸಿಲಿನಲ್ಲಿಟ್ಟು ಒಂದು ವಾರದಲ್ಲಿ ಹಸಿರುಗಟ್ಟಿದ ನೀರು ಉತ್ತಮ. ಇಲ್ಲದಿದ್ದರೆ ಬೇಕರಿಯ ಯೀಸ್ಟ್ ಒಂದು ಚಿಟಿಕೆಯನ್ನು 100 ಮಿ.ಲೀ. ನೀರಿನಲ್ಲಿ ಕದಡಿ, ಲೀಟರಿಗೆ ಒಂದು ಚಮಚ ಹಾಕಿ. ನೀರು ತುಸು ಮಸುಕಾಗಿ ಮರುದಿನಕ್ಕೆ ತಿಳಿಯಾಗಬೇಕು. ತಿಳಿಯಾಗದಿದ್ದರೆ ಮತ್ತೆ ಹಾಕಬೇಡಿ. ಈ ಪ್ರಯೋಗ ಹೆಚ್ಚಾಗಿ ಕೆಡುವುದು ಇಲ್ಲೇ: ಹೆಚ್ಚಾದ ಯೀಸ್ಟ್ ನೀರಿನ ಆಮ್ಲಜನಕ ತಿಂದುಹಾಕುತ್ತದೆ. ಚಿಗಟಗಳು ಮೇಲ್ಗಡೆ ಗುಂಪುಗೂಡಿ, ಕೆಲ ದಿನಕ್ಕೆ ಕೆಂಪಗಾದರೆ ಉಸಿರು ಸಾಲುತ್ತಿಲ್ಲ ಎಂದು ತಿಳಿದು ಅರ್ಧ ನೀರು ಬದಲಿಸಿ.

ನೋಡುವಾಗ ಗಾಜಿನ ಪಟ್ಟಿಯ ಮೇಲೆ ಹತ್ತಿಯ ಎರಡು ಮೂರು ಎಳೆ ಇಟ್ಟು, ಅದರ ಮೇಲೆ ಒಂದು ಹನಿ ನೀರಿನೊಡನೆ ಚಿಗಟ ಬಿಡಿ; ಎಳೆಗೆ ಸಿಕ್ಕಿ ಅದು ಓಡುವುದಿಲ್ಲ. 40 ಪಟ್ಟು ಹಿಗ್ಗಿಸಿದರೆ ಪಾರದರ್ಶಕ ಚಿಪ್ಪಿನೊಳಗೆ ಕಾಲುಗಳು ಬೀಸಣಿಗೆಯಂತೆ ಆಡುವುದೂ, ಬೆನ್ನ ಕಡೆ ಹೃದಯ ಬಡಿಯುವುದೂ, ನಡುವೆ ಕರುಳು ಹಸಿರು ಗೆರೆಯಾಗಿರುವುದೂ ಕಾಣುತ್ತವೆ. ಹಸಿರು ನೀರಿನಿಂದ ಯೀಸ್ಟ್ ನೀರಿಗೆ ಬದಲಿಸಿದ ಅರ್ಧ–ಒಂದು ಗಂಟೆಯಲ್ಲಿ ಆ ಗೆರೆ ಮಾಸುತ್ತದೆ. ಕ್ರಿಲ್‌ನ ಮೈಯೂ ಹೀಗೇ ಪಾರದರ್ಶಕ. ಪಾಚಿ ತಿಂದಾಗ ಹೊಟ್ಟೆಯ ಭಾಗ ಹಸಿರಾಗಿ ಕಾಣುತ್ತದೆ. ದೀಪದ ಕಾವಿಗೆ ಹನಿ ಬೇಗ ಒಣಗುತ್ತದೆ, ಐದು ನಿಮಿಷ ನೋಡಿ ಚಿಗಟವನ್ನು ನೀರಿಗೆ ಬಿಟ್ಟುಬಿಡಿ. ನೀರುಚಿಗಟವೇ ಕ್ರಿಲ್ ಎಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿ: ಇದು ಚಿಪ್ಪಿನೊಳಗೇ ಎಡೆಬಿಡದೆ ಸೋಸುತ್ತದೆ, ಕ್ರಿಲ್ ಬುಟ್ಟಿ ತೆರೆದು ಹಿಂಡುತ್ತದೆ.

ಪ್ರಶ್ನೆ: ಕ್ರಿಲ್ ಎಣ್ಣೆಯ ಗುಳಿಗೆ ತೆಗೆದುಕೊಳ್ಳಬಹುದೇ? ಕ್ರಿಲ್‌ನಲ್ಲಿ ಫ್ಲೋರೈಡ್ ಇದೆ ಎಂದು ಓದಿ ಹೆದರಿಕೆಯಾಗಿದೆ. ನಮ್ಮ ಕಡೆ ಬೋರಿನ ನೀರಿನಲ್ಲೇ ಅದು ಸಾಕಷ್ಟಿದೆ.
— ನಿವೃತ್ತ ನೌಕರರು, ಮುಂಡರಗಿ

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ, ಆದರೆ ಫ್ಲೋರೈಡ್ ಇರುವುದು ಕ್ರಿಲ್‌ನ ಚಿಪ್ಪಿನಲ್ಲಿ. ಒಣ ಚಿಪ್ಪಿನ ಕಿಲೋಗೆ ಸಾವಿರ ಮಿಲಿಗ್ರಾಂ ಮೀರಿ ಇರುತ್ತದೆ. ಬದುಕಿರುವಾಗ ಮಾಂಸದಲ್ಲಿ ಬಹಳ ಕಡಿಮೆ. ಸತ್ತಮೇಲೆ ಚಿಪ್ಪಿನಿಂದ ಮಾಂಸಕ್ಕೆ ಇಳಿಯುತ್ತದೆ. ಕ್ರಿಲ್‌ನ ಜೀರ್ಣರಸವೂ ಬಹಳ ಚುರುಕು, ಸತ್ತ ಕೂಡಲೇ ಅದು ತನ್ನ ಮೈಯನ್ನೇ ಕರಗಿಸತೊಡಗುತ್ತದೆ. ಮನುಷ್ಯರ ಊಟಕ್ಕಾದರೆ ಹಿಡಿದ ಮೂರು ಗಂಟೆಯೊಳಗೆ ಹಡಗಿನಲ್ಲೇ ಸಂಸ್ಕರಿಸಬೇಕು ಎನ್ನುವುದು ಈ ಎರಡೂ ಕಾರಣಕ್ಕೆ. ಎಣ್ಣೆ ತೆಗೆಯುವಾಗ ಚಿಪ್ಪು ಹಿಂದುಳಿಯುತ್ತದೆ. ನಿಮ್ಮ ಗಮನ ಕುಡಿಯುವ ನೀರಿನ ಮೇಲಿರಲಿ: ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ಸಿಗಡಿ, ಏಡಿ ತಿಂದರೆ ಮೈ ದದ್ದು ಏಳುವವರು ಈ ಗುಳಿಗೆ ಮುಟ್ಟಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೊಳ್ಳುವಾಗ ಎಣ್ಣೆ ಎಷ್ಟು ಎಂದಲ್ಲ, ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಎಷ್ಟು ಮಿಲಿಗ್ರಾಂ ಎಂದು ಚೀಟಿಯಲ್ಲಿ ನೋಡಿ. ಇವು ಕ್ರಿಲ್‌ನ ಸ್ವಂತ ಗಳಿಕೆಯಲ್ಲ, ಮುಖ್ಯವಾಗಿ ಅದು ತಿಂದ ಪಾಚಿಯವು. ಹಾಗಾಗಿ ಶಾಕಾಹಾರಿಗಳಿಗೆ ನೇರವಾಗಿ ಪಾಚಿಯಿಂದಲೇ ತೆಗೆದ ಎಣ್ಣೆ ಸಿಗುತ್ತದೆ. ನಮ್ಮನ್ನು ಕೇಳಿದರೆ ಅದೇ ಒಳ್ಳೆಯದು.

ಪ್ರಶ್ನೆ: ತಿಮಿಂಗಲಗಳನ್ನು ಕೊಂದಾಗ ಕ್ರಿಲ್ ವಿಪರೀತ ಹೆಚ್ಚಬೇಕಿತ್ತಲ್ಲವೇ? ಈಗ ಮನುಷ್ಯರು ಹಿಡಿದರೆ ನಷ್ಟವೇನು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಹಿಡಿಯುವ ಮಾತು. ಅಂಟಾರ್ಕ್ಟಿಕದ ಜೀವಸಂಪತ್ತಿನ ರಕ್ಷಣೆಗೆ 1982ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವಿದೆ. ಭಾರತವೂ ಅದರ ಸದಸ್ಯ. ಮೀನುಗಾರಿಕೆ ಹೆಚ್ಚು ನಡೆಯುವ ವಲಯಕ್ಕೆ ವರ್ಷಕ್ಕೆ 6,20,000 ಟನ್ ಮಿತಿ. 2025ರಲ್ಲಿ ಆ ಮಿತಿ ಮುಟ್ಟಿ, ಹಂಗಾಮು ಮುಗಿಯುವ ಮೊದಲೇ ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಅಲ್ಲಿರುವ ಒಟ್ಟು ಕ್ರಿಲ್‌ನ ಲೆಕ್ಕದಲ್ಲಿ ಇದು ನೂರಕ್ಕೆ ಒಂದರಷ್ಟೇ. ತೊಂದರೆ ಇರುವುದು ಜಾಗದಲ್ಲಿ. ಹಡಗುಗಳು ಬಲೆ ಹಾಕುವುದು ಪೆಂಗ್ವಿನ್, ತಿಮಿಂಗಲಗಳು ಮೇಯುವ ದಂಡೆಯ ಹತ್ತಿರವೇ. ಗೂಡಿನಲ್ಲಿ ಮರಿ ಬಿಟ್ಟುಬಂದ ಪೆಂಗ್ವಿನ್ ದೂರ ಹೋಗಲಾರದು, ಸಾಗರದ ಇನ್ನೊಂದು ಮೂಲೆಯಲ್ಲಿ ಎಷ್ಟು ಕ್ರಿಲ್ ಇದ್ದರೂ ಅದಕ್ಕೆ ಉಪಯೋಗವಿಲ್ಲ.

ತಿಮಿಂಗಲ ಕಡಿಮೆಯಾದಾಗ ಕ್ರಿಲ್ ಹೆಚ್ಚಬೇಕು ಎಂದೇ ಎಲ್ಲರೂ ಎಣಿಸಿದ್ದರು. 20ನೇ ಶತಮಾನದಲ್ಲಿ ದಕ್ಷಿಣಾರ್ಧಗೋಳದಲ್ಲಿ ಸುಮಾರು 20 ಲಕ್ಷ ತಿಮಿಂಗಲಗಳು ಬೇಟೆಯಾದವು, ಆದರೂ ಕ್ರಿಲ್ ಹಾಗೆ ಹೆಚ್ಚಲಿಲ್ಲ. ಕಾರಣ ಗೊಬ್ಬರ ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ. ದಕ್ಷಿಣ ಸಾಗರದ ನೀರಿನಲ್ಲಿ ಪಾಚಿಗೆ ಬೇಕಾದ ಉಳಿದೆಲ್ಲವೂ ಹೇರಳ, ಕಬ್ಬಿಣ ಮಾತ್ರ ಬಹಳ ಕಡಿಮೆ. ಕ್ರಿಲ್ ತಿಂದ ತಿಮಿಂಗಲ ಮೇಲ್ಗಡೆಯ ನೀರಿನಲ್ಲಿ ಹಾಕುವ ಸಗಣಿಯಲ್ಲಿ, ಸುತ್ತಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು ಕಬ್ಬಿಣವಿರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಮತ್ತೆ ಕ್ರಿಲ್. ದನ ಮಾರಿದ ಮನೆಯ ತಿಪ್ಪೆ ಬರಿದಾದರೆ ಮರುವರ್ಷ ಹೊಲದಲ್ಲಿ ಏನಾಗುತ್ತದೆ ಎಂದು ನಮ್ಮ ರೈತರಿಗೆ ಗೊತ್ತು. ಅಲ್ಲಿ ಆದದ್ದೂ ಅದೇ.