ಮಂಜಿನಲ್ಲಿ ಕಂಡದ್ದು ಆನೆಯೋ, ಬೊಡ್ಡೆಯೋ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು, ವಯಸ್ಸು 63. ಮೊನ್ನೆ ಸಂಜೆ ಸಿದ್ದಾಪುರದಿಂದ ಸ್ಕೂಟರಿನಲ್ಲಿ ಬರುವಾಗ ಮಂಜಿನಲ್ಲಿ ಏನೋ ಕಪ್ಪಗೆ ಕಂಡಿತು. ಬ್ರೇಕ್ ಹಾಕಿ ನಿಂತೆ. ಆನೆಯಲ್ಲ, ಮರದ ಬೊಡ್ಡೆ ಅಂತ ಗೊತ್ತಾಗಲು ತುಂಬಾ ಹೊತ್ತಾಯಿತು. ‘ವಯಸ್ಸಾಯ್ತು, ಗಾಡಿ ಬಿಡಿ’ ಅನ್ನುತ್ತಾನೆ ಮಗ. ನನ್ನ ಮಿದುಳು ನಿಧಾನವಾಗಿದೆಯೇ?
– ಓದುಗರು, ಮಾಲ್ದಾರೆ

ಉತ್ತರ: ನಮಸ್ಕಾರ ಸಾರ್. ನೀವು ನಿಂತು ನೋಡಿದ್ದು ಸರಿ. ನಾನೂ ಅಮ್ಮತ್ತಿ ಕಡೆಯವಳು, ಆ ಮಂಜು ಗೊತ್ತು.

ಕಣ್ಣು ಕಂಡದ್ದನ್ನು ಮಿದುಳು ಒಂದೇ ಏಟಿಗೆ ನಂಬುವುದಿಲ್ಲ. ತೋಟದ ಮಳೆಮಾಪಕದಲ್ಲಿ ನೀರು ಏರಿದ ಹಾಗೆ ಸುಳಿವುಗಳನ್ನು ಕೂಡಿಸುತ್ತಾ ಹೋಗುತ್ತದೆ. ಒಂದು ಗೆರೆ ಮುಟ್ಟಿದಾಗ ತೀರ್ಮಾನ. ಬಿಸಿಲಿನಲ್ಲಿ ಸುಳಿವು ಜೋರಾಗಿ ಬರುತ್ತದೆ, ಮಂಜಿನಲ್ಲಿ ತೊಟ್ಟು ತೊಟ್ಟಾಗಿ.

ಅಮೆರಿಕದ ನರವಿಜ್ಞಾನಿಗಳಾದ ಮೈಕೆಲ್ ಶಾಡ್ಲೆನ್ ಮತ್ತು ವಿಲಿಯಂ ನ್ಯೂಸಮ್ ಇದನ್ನು ಕೋತಿಗಳಲ್ಲಿ ನೋಡಿದರು. ಪರದೆ ಮೇಲೆ ಚುಕ್ಕೆಗಳ ಗುಂಪು. ಕೆಲವು ಒಂದೇ ದಿಕ್ಕಿಗೆ ಚಲಿಸುತ್ತವೆ, ಉಳಿದವು ಅಡ್ಡಾದಿಡ್ಡಿ. ಕೋತಿ ಆ ದಿಕ್ಕಿಗೆ ಕಣ್ಣು ಹೊರಳಿಸಬೇಕು. ಮಿದುಳಿನ ಎಂಟಿ ಎಂಬ ಭಾಗದ ನರಕೋಶಗಳು ಚಲನೆಯನ್ನು ಗುರುತಿಸಿದರೆ, ಎಲ್‌ಐಪಿ ಎಂಬ ಭಾಗದ ಕೋಶಗಳ ವಿದ್ಯುತ್ ಮಿಡಿತ ಮೆಲ್ಲಗೆ ಏರುತ್ತಿತ್ತು. ಸುಳಿವು ಕಡಿಮೆ ಇದ್ದಷ್ಟೂ ಏರಿಕೆ ನಿಧಾನ. 2002ರಲ್ಲಿ ಜೇಮೀ ರಾಯ್ಟ್‌ಮನ್ ಜತೆ ಶಾಡ್ಲೆನ್ ಪ್ರಕಟಿಸಿದ ಪ್ರಯೋಗದಲ್ಲಿ, ಚುಕ್ಕೆಗಳು ಹೇಗೇ ಇರಲಿ, ಮಿಡಿತ ಹೆಚ್ಚುಕಡಿಮೆ ಒಂದೇ ಮಟ್ಟ ತಲುಪಿದ ಮೇಲೆ ಕಣ್ಣು ಹೊರಳುತ್ತಿತ್ತು. ನನಗೆ ಇಂದಿಗೂ ರೋಮಾಂಚನ ತರುವ ಗ್ರಾಫ್ ಅದು!

ಹಾಗಂತ ತೀರ್ಮಾನ ಆಗುವುದು ಎಲ್‌ಐಪಿಯಲ್ಲೇ ಅನ್ನುವಂತಿಲ್ಲ. 2016ರ ಒಂದು ಪ್ರಯೋಗದಲ್ಲಿ ಎಲ್‌ಐಪಿಯನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಿದರೂ ಕೋತಿಗಳ ಉತ್ತರ ಅಷ್ಟೇನೂ ಕೆಡಲಿಲ್ಲ. ಎಂಟಿಯನ್ನು ಸುಮ್ಮನಾಗಿಸಿದಾಗ ಕೆಟ್ಟಿತು. ಈ ಕೆಲಸಕ್ಕೆ ಮಿದುಳಿನ ಹಲವು ಭಾಗ ಕೈಜೋಡಿಸುತ್ತವೆ.

ಇನ್ನು, ಬೊಡ್ಡೆ ಅಂತ ಗೊತ್ತಾಗುವ ಮೊದಲೇ ಬ್ರೇಕ್ ಹಾಕಿದ್ದು ಯಾಕೆ? ಗೆರೆ ಎಲ್ಲಿರಬೇಕು ಅನ್ನುವುದು ತಪ್ಪಿದರೆ ಆಗುವ ನಷ್ಟದ ಮೇಲಿದೆ. ಬೊಡ್ಡೆಗೆ ಹೆದರಿ ನಿಂತರೆ ನಷ್ಟವೇನಿಲ್ಲ. ಆನೆಯನ್ನು ಬೊಡ್ಡೆ ಅಂದುಕೊಂಡರೆ ಜೀವವೇ ಹೋಗಬಹುದು. ಹಾಗಾಗಿ ನಿಲ್ಲಲು ಸ್ವಲ್ಪ ಸುಳಿವೇ ಸಾಕು, ಮುಂದೆ ಹೋಗಲು ಜಾಸ್ತಿ ಬೇಕು. ಹಲಸು ಹಣ್ಣಾಗುವ ಕಾಲದಲ್ಲಂತೂ ತೋಟಕ್ಕೆ ಆನೆ ಬರುತ್ತದೆ ಅಂತ ನಿಮ್ಮ ಮಿದುಳಿಗೆ ಮೊದಲೇ ಗೊತ್ತು. ಲೆಕ್ಕ ಸೊನ್ನೆಯಿಂದ ಶುರುವಾಗುವುದೇ ಇಲ್ಲ.

ವಯಸ್ಸಿನ ಮಾತು. ಮನಶ್ಶಾಸ್ತ್ರಜ್ಞ ರೋಜರ್ ರ‍್ಯಾಟ್‌ಕ್ಲಿಫ್ ಮತ್ತು ಜತೆಗಾರರು ಹಿರಿಯರನ್ನೂ ಯುವಕರನ್ನೂ ಹೋಲಿಸಿ ನೋಡಿದ್ದಾರೆ. ಹಲವು ಪರೀಕ್ಷೆಗಳಲ್ಲಿ ಹಿರಿಯರು ತಡಮಾಡಲು ದೊಡ್ಡ ಕಾರಣ, ತಪ್ಪಬಾರದೆಂದು ಅವರು ಗೆರೆಯನ್ನು ಎತ್ತರದಲ್ಲಿಟ್ಟುಕೊಳ್ಳುವುದು. ಮಗನಿಗೆ ಇದನ್ನು ಹೇಳಿ. ಆದರೆ ಅವರ ಕಾಳಜಿಯೂ ನ್ಯಾಯವಾದದ್ದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸ್ಕೂಟರ್ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಮಂಜಿದ್ದಾಗ 20ಕ್ಕೆ ಇಳಿಸಿ. ಎದುರಿನ ಗಾಡಿಯ ಲೈಟು ಕಣ್ಣಿಗೆ ಚೆಲ್ಲಿದಂತಾಗುತ್ತಿದ್ದರೆ ಪೊರೆ ಬಂದಿರಬಹುದು, ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.