ಗೋಡೆಯ ತೇಪೆ ಎದ್ದು ಕಾಣದಿರಲು

ಮಡಿಕೇರಿಯ ನಿಮ್ಮ ಮನೆಯ ಹೊರಗೋಡೆಯಲ್ಲಿ ಬಿರುಕು ಮುಚ್ಚಿದ ಜಾಗಕ್ಕೆ ಹಳೆ ಡಬ್ಬಿಯ ನಂಬರಿನದೇ ಬಣ್ಣ ತಂದರೂ ಹೊಂದುತ್ತಿಲ್ಲ ಎಂದಿದ್ದೀರಿ. ಹೊಂದುವುದೂ ಇಲ್ಲ. ಗೋಡೆಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಮೇಲೆ ಮಳೆಗಾಲದ ಪಾಚಿಯ ಛಾಯೆ ಬೇರೆ.

ಮೊದಲು ಗೋಡೆ ತೊಳೆಯಿರಿ. ಒಣಗಿದ ಮೇಲೆ, ತೇಪೆ ಇರುವ ಅದೇ ಗೋಡೆಯಿಂದ ಎರಡು ರೂಪಾಯಿ ನಾಣ್ಯದಷ್ಟಗಲದ ಬಣ್ಣದ ಪದರವನ್ನು ಬ್ಲೇಡಿನಿಂದ ಎಬ್ಬಿಸಿ, ಬಣ್ಣ ಬೆರೆಸುವ ಮೆಷಿನ್ ಇರುವ ಅಂಗಡಿಗೆ ಒಯ್ಯಿರಿ. ಬೇರೆ ದಿಕ್ಕಿನ ಗೋಡೆಯದು ಬೇಡ, ಮಾಸಿದ ಪ್ರಮಾಣವೇ ಬೇರೆ. ಹೊಳಪೂ ಒಂದೇ ಇರಲಿ. ಹೊಳಪಿಲ್ಲದ ಮ್ಯಾಟ್ ಗೋಡೆಗೆ ಹೊಳಪಿನ ಶೀನ್ ಬಣ್ಣ ಬಳಿದರೆ ಬಣ್ಣ ಸರಿಯಿದ್ದರೂ ತೇಪೆ ಮಿನುಗುತ್ತದೆ.

ಹಸಿ ಬಣ್ಣ ನೋಡಿ ತೀರ್ಮಾನಿಸಬೇಡಿ. ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ) ಒಣಗಿದಾಗ ಸಾಮಾನ್ಯವಾಗಿ ಕೊಂಚ ಗಾಢವಾಗುತ್ತದೆ. ಮೂಲೆಯಲ್ಲೊಂದು ಗೇಣು ಬಳಿದು, ಮರುದಿನ ಹಗಲು ಬೆಳಕಲ್ಲಿ ನೋಡಿ.

ತೇಪೆಗೆ ನೇರವಾಗಿ ಬಳಿದರೆ ಬಿರುಕಿಗೆ ತುಂಬಿದ ಪುಟ್ಟಿ ಬಣ್ಣ ಹೀರಿ ಮಂಕು ಕಲೆ ಉಳಿಯುತ್ತದೆ; ಬಣ್ಣಕ್ಕೆ ಮೊದಲು ಬಳಿಯುವ ಹೊರಗೋಡೆಯ ಪ್ರೈಮರ್ ಒಂದು ಕೋಟ್ ಕಡ್ಡಾಯ. ಹೊಸ ಸಿಮೆಂಟ್ ಗಾರೆಯಾದರೆ 28 ದಿನ ಕಾಯಿರಿ, ಅದರ ಕ್ಷಾರ ಬಣ್ಣ ಕೆಡಿಸುತ್ತದೆ. ಮೊದಲು ರೋಲರ್ ಬಳಸಿದ್ದರೆ ಈಗಲೂ ರೋಲರೇ ಇರಲಿ.

ಇಷ್ಟಾದರೂ ಮುಂಬಾಗಿಲ ಪಕ್ಕದ ಗೋಡೆಯಾದರೆ ತೇಪೆ ಹಾಕದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಪೂರ್ತಿ ಬಳಿಯುವುದೇ ಲೇಸು. ಮೂಲೆಯಲ್ಲಿ ಬೆಳಕು ತಿರುಗುವುದರಿಂದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದು. ಕೆಲಸ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಬೆಳಗಿನ ಮಂಜು ಪೂರ್ತಿ ಆರಿದ ಮೇಲೆ ಇಟ್ಟುಕೊಳ್ಳಿ.